ಅಪ್ಪನನ್ನು ಎಟೋಶಾಕ್ಕೆ ಕರೆದುಕೊಂಡು ಹೋದೆವು

ಎಟೋಶಾ ಅಂದರೆ ಆಫ್ರಿಕಾದ ನಮೀಬಿಯಾ ದೇಶದ ಒಂದು ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಹೋದ ಭಾನುವಾರ ಬೆಳಗಿನ ಜಾವ ಮೈಸೂರಿನ ಮನೆ ಸೇರಿದೆವು. ಬೂಟು ಕೊಡವಿದರೆ ಇನ್ನೂ ಕೆಂಪು ಮರಳು ಬೀಳುತ್ತಿದೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಹೊರಡುವ ಮೊದಲು ನಮಗೆ ಎಷ್ಟೋ ವಿಷಯ ಗೊತ್ತಿರಲಿಲ್ಲ. ಕೇಳೋಣ ಅಂದರೆ ಹೋಗಿಬಂದವರು ಪರಿಚಯದಲ್ಲಿ ಯಾರೂ ಇರಲಿಲ್ಲ. ನಮೀಬಿಯಾಕ್ಕೆ ಹೋಗುವ ಆಸೆ ಇರುವವರಿಗೆ, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ, ಇದು ಉಪಯೋಗಕ್ಕೆ ಬರಲಿ.

ಅಪ್ಪನಿಗೆ 67 ವರ್ಷ. ನಾಗರಹೊಳೆಯಲ್ಲಿ 31 ವರ್ಷ ಫಾರೆಸ್ಟ್ ಗಾರ್ಡ್ ಆಗಿದ್ದವರು. ದಿನಾ ಬೀಟ್, ಅಂದರೆ ಕಾಡಿನ ಗಸ್ತು, ಮುಗಿಸಿ ಬಂದು ಡೈರಿ ಬರೆಯುತ್ತಿದ್ದರು. ಎಷ್ಟು ಹೊತ್ತಿಗೆ, ಎಲ್ಲಿ, ಯಾವ ಪ್ರಾಣಿ, ಎಷ್ಟು, ಯಾವ ಕಡೆ ಹೋದವು, ಜೊತೆಯಲ್ಲಿ ಯಾರಿದ್ದರು. ರಿಟೈರ್ ಆದ ಮೇಲೂ ಅಭ್ಯಾಸ ಬಿಟ್ಟಿಲ್ಲ. ತೋಟಕ್ಕೆ ನವಿಲು ಬಂದರೂ ಬರೆಯುತ್ತಾರೆ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ 8 ಚೀತಾಗಳು ಮಧ್ಯಪ್ರದೇಶದ ಕುನೊ ಕಾಡಿಗೆ ಬಂದವಲ್ಲ, ಅವತ್ತು ಇಡೀ ದಿನ ಟಿವಿ ಮುಂದೆ ಕೂತಿದ್ದರು. ಸಂಜೆ ಊಟ ಮಾಡುವಾಗ ಒಂದೇ ಮಾತು ಕೇಳಿದರು: "ಅವು ಬಂದ ಊರು ಹೆಂಗೈತೋ?" ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ನಾನು, ತಮ್ಮ, ಅಪ್ಪ. ಮೂರು ಜನ, 13 ದಿನ, ಬಾಡಿಗೆ ಕಾರು, ಓಡಿಸುವವರು ನಾವೇ. ಆಗಸ್ಟ್ ತಿಂಗಳನ್ನೇ ಆರಿಸಿಕೊಂಡೆವು. ಅಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಒಣಗಾಲ. ಕಾಡಿನೊಳಗೆ ನೀರು ಬತ್ತುತ್ತದೆ, ಪ್ರಾಣಿಗಳು ಉಳಿದ ನೀರುಗುಂಡಿಗಳಿಗೇ ಬರಬೇಕು. ಏಪ್ರಿಲ್, ಮೇನಲ್ಲಿ ಕಬಿನಿ ಹಿನ್ನೀರಿಗೆ ಆನೆಗಳು ಸೇರುವುದೂ ಇದೇ ಕಾರಣಕ್ಕೆ. ಅಪ್ಪನಿಗೆ ಇದನ್ನು ವಿವರಿಸುವ ಅಗತ್ಯವೇ ಬರಲಿಲ್ಲ.

ಮೊದಲು ಮಾಡಬೇಕಾದ ಕೆಲಸ ಟಿಕೆಟ್ ಅಲ್ಲ, ಕಾಡಿನೊಳಗಿನ ಜಾಗ. ರಾಷ್ಟ್ರೀಯ ಉದ್ಯಾನಗಳ ಒಳಗಿನ ಸರ್ಕಾರಿ ಕ್ಯಾಂಪುಗಳು ತಿಂಗಳುಗಟ್ಟಲೆ ಮುಂಚೆ ತುಂಬಿಹೋಗುತ್ತವೆ. ನಾವು ಜನವರಿಯಲ್ಲಿ ನೋಡಿದಾಗಲೇ ನಮಗೆ ಬೇಕಾದ ದಿನಕ್ಕೆ ಮರುಭೂಮಿಯ ಸೆಸ್ರೀಮ್ ಕ್ಯಾಂಪಿನಲ್ಲಿ ಜಾಗ ಇರಲಿಲ್ಲ. ಇಡೀ ಪ್ರವಾಸವನ್ನು 2 ದಿನ ಮುಂದಕ್ಕೆ ಹಾಕಬೇಕಾಯಿತು. ಕ್ಯಾಂಪ್ ಸಿಕ್ಕಿದ ಮೇಲೆ ವಿಮಾನ, ಆಮೇಲೆ ಕಾರು. ಈ ಕ್ರಮ ತಪ್ಪಿಸಬೇಡಿ.

ವಿಮಾನದಲ್ಲಿ ನಾವು ಎಡವಿದೆವು. ಇಥಿಯೋಪಿಯಾದ ಅಡಿಸ್ ಅಬಾಬ ಮೇಲೆ ಹೋಗುವ ಟಿಕೆಟ್ ಕಡಿಮೆಗೆ ಸಿಕ್ಕಿತು ಅಂತ ತಮ್ಮ ತಕ್ಷಣ ತೆಗೆದುಬಿಟ್ಟ. ಇಥಿಯೋಪಿಯಾ ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಬಂದವರು ಭಾರತದಲ್ಲಿ ಇಳಿದಾಗ ಲಸಿಕೆಯ ಹಳದಿ ಕಾರ್ಡ್ ತೋರಿಸಬೇಕು. ಇಲ್ಲದಿದ್ದರೆ 6 ದಿನದವರೆಗೆ ಬೇರೆ ಇಡಬಹುದು. ವಿಮಾನ ನಿಲ್ದಾಣದಿಂದ ಹೊರಗೆ ಹೋಗದೆ ಬರೀ ವಿಮಾನ ಬದಲಾಯಿಸಿದವರಿಗೆ ಆರೋಗ್ಯ ಅಧಿಕಾರಿ ಒಪ್ಪಿದರೆ ವಿನಾಯಿತಿ ಇದೆ. ಆದರೆ ಒಪ್ಪುವುದು ಬಿಡುವುದು ಅವರ ಕೈಯಲ್ಲಿ. ಅಪ್ಪನನ್ನು ಇಟ್ಟುಕೊಂಡು ಆ ಧೈರ್ಯ ನನಗೆ ಬರಲಿಲ್ಲ. ಲಸಿಕೆ ಹಾಕಿಸಿಬಿಡೋಣ ಅಂತ ಬೆಂಗಳೂರಿಗೆ ಹೋದೆವು.

ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ. ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ, ಅದೂ ಗೊತ್ತಾದ ದಿನಗಳಲ್ಲಿ. ಬೆಳಗ್ಗೆ ಏಳಕ್ಕೇ ಸಾಲಿನಲ್ಲಿ ನಿಂತೆವು. ನನಗೂ ತಮ್ಮನಿಗೂ ಹಾಕಿದರು. ಅಪ್ಪನ ಸರದಿ ಬಂದಾಗ ಡಾಕ್ಟರು ವಯಸ್ಸು ನೋಡಿ ಸೂಜಿ ಕೆಳಗಿಟ್ಟರು. ಇದು ಜೀವಂತ ವೈರಸ್‌ನ ಲಸಿಕೆ, 60 ದಾಟಿದವರಿಗೆ ಮೊದಲ ಸಲ ಹಾಕಿದಾಗ ಕೆಟ್ಟ ಪರಿಣಾಮ ಆಗುವ ಸಂಭವ ಜಾಸ್ತಿ ಅಂದರು. "ಹಳದಿ ಜ್ವರ ಇರುವ ಊರಿಗೇ ಹೋಗ್ತಿದ್ದರೆ ಮಾತು ಬೇರೆ. ನೀವು ಬರೀ ವಿಮಾನ ಬದಲಾಯಿಸೋಕೆ ಇಷ್ಟು ಅಪಾಯ ಯಾಕೆ ತಗೋತೀರಿ? ದಾರಿ ಬದಲಾಯಿಸಿ." ಆ ಪುಣ್ಯಾತ್ಮ ಅಷ್ಟು ಬಿಡಿಸಿ ಹೇಳದಿದ್ದರೆ ನಾವು ಹಟ ಮಾಡಿ ಹಾಕಿಸುತ್ತಿದ್ದೆವೇನೋ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಪ್ಪ ಮೆಲ್ಲಗೆ, "ನೀವಿಬ್ರೇ ಹೋಗ್ಬನ್ನಿ ಕಣವ್ವ, ಫೋಟೋ ತನ್ನಿ ಸಾಕು" ಅಂದರು. ನನಗೆ ಅಳು ಬಂತು. ಹಳದಿ ಕಾರ್ಡು ಲೆಕ್ಕಕ್ಕೆ ಬರುವುದು ಲಸಿಕೆ ಹಾಕಿಸಿದ 10 ದಿನದ ನಂತರ ಅನ್ನುವುದೂ ನೆನಪಿರಲಿ.

ಹಳೆಯ ಟಿಕೆಟ್ ರದ್ದು ಮಾಡಿದೆವು. ಮೂವರದ್ದೂ ಸೇರಿ 27,000 ರೂಪಾಯಿ ಹೋಯಿತು. ಗಲ್ಫ್ ಮೇಲೆ ಜೋಹಾನ್ಸ್‌ಬರ್ಗ್, ಅಲ್ಲಿಂದ ನಮೀಬಿಯಾದ ರಾಜಧಾನಿ ವಿಂಡ್‌ಹುಕ್. ತಲೆಗೆ 88,000. ಪೂರ್ತಿ ದಾರಿಗೆ ಒಂದೇ ಟಿಕೆಟ್ ಇರಬೇಕು, ಲಗೇಜ್ ನೇರ ವಿಂಡ್‌ಹುಕ್‌ಗೆ ಹೋಗಬೇಕು ಅಂತ ಎರಡು ಸಲ ಕೇಳಿ ಖಚಿತ ಮಾಡಿಕೊಂಡೆವು. ಹಾಗಾಗಿ ಜೋಹಾನ್ಸ್‌ಬರ್ಗ್‌ನಲ್ಲಿ ಹೊರಗೆ ಬರದೆ ಒಳಗೇ ವಿಮಾನ ಬದಲಾಯಿಸಿದೆವು. ಬೇರೆ ಬೇರೆ ಟಿಕೆಟ್ ತೆಗೆದು ದುಡ್ಡು ಉಳಿಸಲು ಹೋದರೆ ಲಗೇಜ್ ತೆಗೆದುಕೊಳ್ಳಲು ಹೊರಗೆ ಬರಬೇಕಾಗುತ್ತದೆ. ಆಗ ದಕ್ಷಿಣ ಆಫ್ರಿಕಾದ ವೀಸಾ ಬೇಕು.

ಇನ್ನು ಹೆಸರಿನ ಕಥೆ. ನಮ್ಮ ಕಡೆಯವರೆಲ್ಲರಿಗೂ ಇದು ಬಂದೇ ಬರುತ್ತದೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಪಾಸ್‌ಪೋರ್ಟಿನಲ್ಲಿ ಊರು, ಅಪ್ಪ, ನಾನು ಎಲ್ಲರ ಹೆಸರೂ ಬಿಡಿಸಿ ಬರೆದಿದೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಎರಡು ಇನಿಷಿಯಲ್. ಕ್ರೆಡಿಟ್ ಕಾರ್ಡಿನಲ್ಲಿ ಒಂದೇ ಇನಿಷಿಯಲ್, ಅದೂ ಹೆಸರಿನ ಹಿಂದೆ. ಅಪ್ಪನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಊರಲ್ಲಿ ಇದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಆದರೆ ಕಾರು ಬಾಡಿಗೆ ಕಂಪನಿಯ ಕರಾರಿನಲ್ಲಿ ಲೈಸೆನ್ಸ್, ಪಾಸ್‌ಪೋರ್ಟ್, ಕ್ರೆಡಿಟ್ ಕಾರ್ಡ್ ಮೂರರಲ್ಲೂ ಮುಖ್ಯ ಡ್ರೈವರ್ ಹೆಸರು ಒಂದೇ ಇರಬೇಕು ಅಂತ ಇತ್ತು. ಡೆಬಿಟ್ ಕಾರ್ಡ್ ನಡೆಯುವುದಿಲ್ಲ. ಲೈಸೆನ್ಸ್ ತಿದ್ದಿಸಲು 3 ವಾರ, ಹೊಸ ಕಾರ್ಡ್ ಬರಲು 10 ದಿನ ಹಿಡಿಯಿತು. ಅದು ಆದ ಮೇಲೆ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್. ಫಾರಂ 4ಎ, ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಇದರಲ್ಲಿ ಲೈಸೆನ್ಸಿನಲ್ಲಿ ಇದ್ದ ಹೆಸರೇ ಬರುತ್ತದೆ, ಆದ್ದರಿಂದ ಮೊದಲು ಲೈಸೆನ್ಸ್ ಸರಿಮಾಡಿಸಿಕೊಳ್ಳಿ.

ವೀಸಾಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಿದೆವು. ಟಿಕೆಟ್, ಕ್ಯಾಂಪ್ ಬುಕಿಂಗ್, ಇನ್ಶೂರೆನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಫೋಟೋ. ತಲೆಗೆ 1600 ನಮೀಬಿಯನ್ ಡಾಲರ್. ನಾವು ಒಂದು ಡಾಲರಿಗೆ ಸುಮಾರು 5 ರೂಪಾಯಿ ಹಿಡಿದು ಲೆಕ್ಕ ಮಾಡುತ್ತಿದ್ದೆವು, ಅಂದರೆ 8000. ಅಪ್ಪನ ಅರ್ಜಿ ಸರ್‌ನೇಮ್ ಇಲ್ಲದೆ ಮುಂದಕ್ಕೇ ಹೋಗಲಿಲ್ಲ. ಎರಡೂ ಜಾಗದಲ್ಲಿ ಒಂದೇ ಹೆಸರು ಹಾಕಿ, ಜೊತೆಗೆ ಒಂದು ವಿವರಣೆ ಪತ್ರ ಸೇರಿಸಿದೆ. ನಮ್ಮಿಬ್ಬರದ್ದು ಬಂತು, ಅಪ್ಪನದು ಬರಲಿಲ್ಲ. ಮತ್ತೆ 9 ದಿನ ಕಾದೆವು. ದಿನಾ ಬೆಳಗ್ಗೆ ಅಪ್ಪ ಏನೂ ಕೇಳುತ್ತಿರಲಿಲ್ಲ. ನಾನು ಫೋನ್ ಕೈಗೆ ತೆಗೆದುಕೊಂಡಾಗ ಮುಖ ನೋಡುತ್ತಿದ್ದರು, ಅಷ್ಟೇ. ಹತ್ತನೇ ದಿನ ಬಂತು. ಪ್ರಿಂಟ್ ತೆಗೆದು ಅಪ್ಪನ ಕೈಗೆ ಕೊಟ್ಟೆ. ಅದನ್ನು ನಾಲ್ಕಾಗಿ ಮಡಚಿ ಹಳೆಯ ಬೀಟ್ ಡೈರಿಯೊಳಗೆ ಇಟ್ಟರು.

ವಿಂಡ್‌ಹುಕ್ ವಿಮಾನ ನಿಲ್ದಾಣ ಊರಿನಿಂದ ಸುಮಾರು 45 ಕಿ.ಮೀ. ದೂರ. ಇಮಿಗ್ರೇಷನ್ ಸಾಲಿನಲ್ಲಿ ಒಂದೂಕಾಲು ಗಂಟೆ. ಎಲ್ಲಿ ಉಳಿಯುತ್ತೀರಿ ಅಂತ ರಾತ್ರಿ ರಾತ್ರಿಯ ಲೆಕ್ಕ ಕೇಳಿದರು. ಎಲ್ಲ ಬುಕಿಂಗ್ ಕಾಗದದ ಮೇಲೆ ಇದ್ದದ್ದರಿಂದ ಬೇಗ ಮುಗಿಯಿತು. ಅಲ್ಲೇ ಸಿಮ್ ಕೊಂಡು, ಸ್ವಲ್ಪ ನಗದು ತೆಗೆದೆವು. ದಕ್ಷಿಣ ಆಫ್ರಿಕಾದ ರ‍್ಯಾಂಡ್ ಕೂಡ ಇಲ್ಲಿ ನಡೆಯುತ್ತದೆ, ಎರಡಕ್ಕೂ ಒಂದೇ ಬೆಲೆ. ಆದರೆ ಉಳಿದ ನಮೀಬಿಯನ್ ನೋಟನ್ನು ದೇಶ ಬಿಡುವ ಮೊದಲೇ ಖರ್ಚು ಮಾಡಿ, ಹೊರಗೆ ಅದನ್ನು ಬದಲಾಯಿಸುವುದು ಕಷ್ಟ.

ಕಾರು ಅಂದರೆ ನಾಲ್ಕು ಚಕ್ರಕ್ಕೂ ಎಳೆತ ಇರುವ ಡಬಲ್ ಕ್ಯಾಬ್ ಪಿಕಪ್. ಮೇಲೆ ಎರಡು ಡೇರೆ, ಹಿಂದೆ ಪುಟ್ಟ ಫ್ರಿಜ್, ಗ್ಯಾಸ್ ಒಲೆ, ಎರಡು ಸ್ಟೆಪ್ನಿ. ದಿನಕ್ಕೆ 2000 ನಮೀಬಿಯನ್ ಡಾಲರ್. ನಮ್ಮ ಹಾಗೇ ಎಡಗಡೆ ಓಡಿಸುವ ದೇಶ, ಸ್ಟಿಯರಿಂಗ್ ಬಲಕ್ಕೆ. ಗಾಡಿ ಕೈಗೆ ಕೊಡುವಾಗ ಒಂದೂವರೆ ಗಂಟೆ ಎಲ್ಲ ತೋರಿಸುತ್ತಾರೆ. ಅದನ್ನೆಲ್ಲ ವಿಡಿಯೊ ಮಾಡಿಕೊಳ್ಳಿ. ಇನ್ಶೂರೆನ್ಸ್ ಕಾಗದವನ್ನು ಸಾಲು ಸಾಲಾಗಿ ಓದಿ. ನಮ್ಮದರಲ್ಲಿ ಕತ್ತಲಾದ ಮೇಲೆ ಓಡಿಸಿದರೆ ಪರಿಹಾರ ಇಲ್ಲ, ಬೇರೆ ಗಾಡಿ ತಗುಲದೆ ತಾನಾಗಿ ಪಲ್ಟಿಯಾದರೆ ಪರಿಹಾರ ಇಲ್ಲ, ಜಲ್ಲಿ ರಸ್ತೆಯಲ್ಲಿ ವೇಗ 80 ದಾಟಿದರೆ ಗಾಡಿಯಲ್ಲಿಟ್ಟ ವೇಗ ನೋಡುವ ಪೆಟ್ಟಿಗೆ ಕಿರುಚುತ್ತದೆ. ಟೈರು ಮತ್ತು ಮುಂದಿನ ಗಾಜಿಗೆ ಬೇರೆ ಇನ್ಶೂರೆನ್ಸ್. ನಾವು ಟೈರಿಗೆ ಮಾಡಿಸಿದೆವು, ಗಾಜಿಗೆ ಬೇಡ ಅಂದೆವು. ಎರಡಕ್ಕೂ ಮಾಡಿಸಬೇಕಿತ್ತು.

ನಮೀಬಿಯಾ ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡದು. ಜನ ಮಾತ್ರ ಸುಮಾರು 30 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಮೈಸೂರು ಜಿಲ್ಲೆ ಒಂದರಲ್ಲೇ ಅಷ್ಟು ಜನ ಇದ್ದರು. ಓದಿದಾಗ ಇದು ಬರೀ ಲೆಕ್ಕ ಅನ್ನಿಸಿತ್ತು. ವಿಂಡ್‌ಹುಕ್ ಬಿಟ್ಟು ಡಾಂಬರು ರಸ್ತೆ ಮುಗಿದ ಮೇಲೆ ಅರ್ಥವಾಯಿತು. ಒಂದು ಗಂಟೆ ಓಡಿಸಿದರೂ ಎದುರಿಗೆ ಒಂದು ಗಾಡಿ ಇಲ್ಲ, ಒಂದು ಚಹಾ ಅಂಗಡಿ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ತಮ್ಮ ಮಾತು ನಿಲ್ಲಿಸಿಬಿಟ್ಟ. ನನಗೆ ಹೊಟ್ಟೆಯಲ್ಲಿ ಸಣ್ಣ ಭಯ. ಅಪ್ಪ ಮಾತ್ರ ಕಿಟಕಿ ಗಾಜು ಇಳಿಸಿ ನೆಲ ನೋಡುತ್ತಿದ್ದರು.

ಜಲ್ಲಿ ರಸ್ತೆ ಶುರುವಾದ ಕೂಡಲೇ ಟೈರಿನ ಗಾಳಿ ಸ್ವಲ್ಪ ಇಳಿಸಬೇಕು. ಎಷ್ಟು ಅಂತ ಕಾರು ಕೊಡುವವರೇ ಹೇಳುತ್ತಾರೆ. ಪೂರ್ತಿ ಗಾಳಿ ಇದ್ದರೆ ಅಡ್ಡಡ್ಡ ಏಣು ಬಿದ್ದ ರಸ್ತೆಯಲ್ಲಿ ಹಲ್ಲು ಕಟಕಟ ಅನ್ನುತ್ತದೆ, ತಿರುವಿನಲ್ಲಿ ಗಾಡಿ ಜಾರುತ್ತದೆ. ಬಂಕ್ ಕಂಡಲ್ಲೆಲ್ಲ ಡೀಸೆಲ್ ತುಂಬಿಸಿ, ಅರ್ಧ ಟ್ಯಾಂಕ್ ಇದ್ದರೂ ಸರಿ. ಮೂವರಿಗೆ ದಿನಕ್ಕೆ 15 ಲೀಟರ್ ನೀರು ಯಾವಾಗಲೂ ಗಾಡಿಯಲ್ಲಿತ್ತು.

ಸೆಸ್ರೀಮ್‌ನ ಮೊದಲ ರಾತ್ರಿ ನಾವು ಯೋಚಿಸದೇ ಇದ್ದ ತೊಂದರೆ ಬಂತು. ಡೇರೆ ಕಾರಿನ ಮೇಲೆ. ಇಳಿಯಲು ಕಿರಿದಾದ ಏಣಿ. ಅಪ್ಪ ರಾತ್ರಿ ಎರಡು ಸಲ ಏಳುವವರು. ಆಗಸ್ಟಿನ ಮರುಭೂಮಿಯ ಚಳಿಯಲ್ಲಿ, ಕತ್ತಲೆಯಲ್ಲಿ, ಕೊನೆಯ ಮೆಟ್ಟಿಲಿನಲ್ಲಿ ಕಾಲು ಜಾರಿತು. ಏನೂ ಆಗಲಿಲ್ಲ, ಮೊಣಕೈ ಸ್ವಲ್ಪ ತರಚಿತು. ಆದರೆ ಆಮೇಲೆ ನನಗೆ ನಿದ್ದೆ ಬರಲಿಲ್ಲ. ಮಾರನೇ ರಾತ್ರಿ ತಮ್ಮ ಮತ್ತು ನಾನು ಮೇಲೆ, ಅಪ್ಪ ಕಾರಿನ ಹಿಂದಿನ ಸೀಟಿನಲ್ಲಿ. ವಯಸ್ಸಾದವರಿದ್ದರೆ ನೆಲದ ಡೇರೆ ಕೇಳಿ ತೆಗೆದುಕೊಳ್ಳಿ, ಇಲ್ಲವೇ ರೂಮೇ ಮಾಡಿ. ಎಟೋಶಾದಲ್ಲಿ ಅದೃಷ್ಟಕ್ಕೆ ರೂಮ್ ಮಾಡಿದ್ದೆವು. ಮಂಕಿ ಟೋಪಿ, ಸ್ವೆಟರ್, ಕಾಲುಚೀಲ ಖಂಡಿತ ಬೇಕು. ಆಫ್ರಿಕಾ ಅಂದರೆ ಬಿಸಿಲು ಅಂದುಕೊಂಡು ಹೋದರೆ ರಾತ್ರಿ ನಡುಗುತ್ತೀರಿ.

ಸೆಸ್ರೀಮ್ ಗೇಟಿನ ಒಳಗಿನ ಕ್ಯಾಂಪಿಗೆ ಜನ ಅಷ್ಟು ಮುಗಿಬೀಳಲು ಕಾರಣ ಇದೆ. ಹೊರಗಿನವರಿಗೆ ಗೇಟ್ ತೆರೆಯುವುದು ಸೂರ್ಯ ಹುಟ್ಟಿದಾಗ. ಒಳಗಿದ್ದವರು ಒಂದು ಗಂಟೆ ಮೊದಲೇ ಹೊರಡಬಹುದು. 60 ಕಿ.ಮೀ. ಡಾಂಬರು ರಸ್ತೆ, ಎರಡೂ ಕಡೆ ಕಿತ್ತಳೆ ಬಣ್ಣದ ಮರಳ ಬೆಟ್ಟಗಳು. ಕೊನೆಯ 5 ಕಿ.ಮೀ. ಬರೀ ಮರಳು. ನಮ್ಮ ಗಾಡಿ ಹೋಗುತ್ತಿತ್ತು, ಆದರೆ ನಮಗಿಬ್ಬರಿಗೂ ಮರಳಿನಲ್ಲಿ ಓಡಿಸಿ ಗೊತ್ತಿಲ್ಲ. ಎದುರಿಗೇ ಒಂದು ಗಾಡಿ ಅಚ್ಚಿನವರೆಗೆ ಹೂತು ನಿಂತಿತ್ತು. ಸುಮ್ನೆ ಶಟಲ್ ಹತ್ತಿದೆವು.

ಅಲ್ಲಿಂದ ಡೆಡ್‌ವ್ಲೇಗೆ ಮರಳಿನ ಮೇಲೆ ಒಂದು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ನಡಿಗೆ. ದಿಬ್ಬ ಹತ್ತಿ ನೋಡಿದರೆ ಕೆಳಗೆ ಬಿಳಿ ಜೇಡಿಯ ಬಯಲು, ಅದರ ಮೇಲೆ ಕರಿ ಮರಗಳು, ಸುತ್ತ ಕೆಂಪು ಮರಳ ಗೋಡೆ. ಒಂದು ಕಾಲದಲ್ಲಿ ಇಲ್ಲಿಗೆ ನದಿಯ ನೀರು ಬರುತ್ತಿತ್ತು. ಮರಳು ಅಡ್ಡ ಬಂದು ನೀರು ನಿಂತಿತು. ಈ ಜಾಲಿ ಜಾತಿಯ ಮರಗಳು ಸತ್ತು 600 ವರ್ಷದ ಮೇಲಾಗಿದೆ. ಬಂದವರೆಲ್ಲ ಫೋಟೋ ತೆಗೆಯುತ್ತಿದ್ದರು. ಅಪ್ಪ ಒಂದು ಮರದ ಬುಡದ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಮುಟ್ಟಲಿಲ್ಲ, ಮುಖ ಹತ್ತಿರ ತಂದು ನೋಡಿದರು. "ನೋಡವ್ವ, ಗೆದ್ದಲಿಲ್ಲ. ಅಣಬೆಯಿಲ್ಲ. ನಮ್ಮ ಕಾಡಲ್ಲಾಗಿದ್ರೆ ಮೂರು ಮಳೆಗಾಲಕ್ಕೆ ಮಣ್ಣಾಗೋಗಿರೋದು." ಅಲ್ಲಿ ತೇವವೇ ಇಲ್ಲ, ಅದಕ್ಕೆ ಮರ ಕೊಳೆತಿಲ್ಲ. ಬಿಸಿಲಿಗೆ ಸುಟ್ಟು ಕಪ್ಪಾಗಿ ಹಾಗೇ ನಿಂತಿದೆ. ಅವತ್ತು ಅಪ್ಪ ಡೈರಿಯಲ್ಲಿ ಬರೆದದ್ದು ಪ್ರಾಣಿಯ ಹೆಸರಲ್ಲ, ಆ ಮರಗಳ ಎಣಿಕೆ.

ಸೆಸ್ರೀಮ್‌ನಿಂದ ಸಮುದ್ರದ ಕಡೆ ಹೋಗುವ ಸಿ14 ರಸ್ತೆಯಲ್ಲಿ ಟೈರು ಸಿಡಿಯಿತು. ವೇಗ 70 ಇತ್ತು. ಹಿಂದಿನ ಎಡ ಚಕ್ರ. ತಮ್ಮ ಬ್ರೇಕ್ ತುಳಿಯದೆ ಸ್ಟಿಯರಿಂಗ್ ಗಟ್ಟಿ ಹಿಡಿದು ತಾನಾಗಿ ನಿಲ್ಲಲು ಬಿಟ್ಟ. ಕಾರು ಕೊಡುವಾಗ ಹೇಳಿದ್ದು ಅದನ್ನೇ. ಆಮೇಲೆ ಜಾಕ್ ಹಾಕಿದರೆ ನೆಲ ಮೆತ್ತಗೆ, ಗಾಡಿ ಏಳುವ ಬದಲು ಜಾಕ್ ಇಳಿಯುತ್ತಿದೆ. ಚಪ್ಪಟೆ ಕಲ್ಲು ಹುಡುಕಿದೆವು, ಒಡೆದುಹೋಯಿತು. ಅರ್ಧ ಗಂಟೆ ಆದ ಮೇಲೆ ಒಂದು ಹಳೆಯ ಪಿಕಪ್ ಬಂತು. ಓಡಿಸುತ್ತಿದ್ದ ಯಜಮಾನರು ಕೇಳುವ ಮೊದಲೇ ಇಳಿದು ಹಿಂದಿನಿಂದ ಮರದ ಹಲಗೆ ತೆಗೆದು ಜಾಕಿನ ಕೆಳಗೆ ಇಟ್ಟರು. ಹತ್ತು ನಿಮಿಷದಲ್ಲಿ ಮುಗಿಯಿತು. ದುಡ್ಡು ಕೊಡಲು ಹೋದರೆ ಬೇಡವೇ ಬೇಡ ಅಂದರು. ಅಪ್ಪ ಒಂದು ಪೊಟ್ಟಣ ಕೋಡುಬಳೆ ಕೊಟ್ಟರು, ಅದನ್ನು ತೆಗೆದುಕೊಂಡರು. ಹಲಗೆಯನ್ನು ನಮಗೇ ಬಿಟ್ಟುಹೋದರು. ನೀವೂ ಹೊರಡುವ ಮೊದಲೇ ಒಂದು ಹಲಗೆ ಕೇಳಿ ಇಟ್ಟುಕೊಳ್ಳಿ. ದಾರಿಯಲ್ಲಿ ಯಾರಾದರೂ ನಿಂತಿದ್ದರೆ ನೀವೂ ನಿಲ್ಲಿಸಿ. ಅಲ್ಲಿ ಎಲ್ಲರೂ ನಿಲ್ಲಿಸುತ್ತಾರೆ.

ಸ್ವಾಕೋಪ್‌ಮುಂಡ್‌ನಲ್ಲಿ ಎರಡು ದಿನ ಬಟ್ಟೆ ಒಗೆದು, ಹೊಸ ಟೈರು ಹಾಕಿಸಿ, ಚೆನ್ನಾಗಿ ನಿದ್ದೆ ಮಾಡಿದೆವು. ಹತ್ತಿರದ ವಾಲ್ವಿಸ್ ಬೇಯಲ್ಲಿ ರಾಜಹಂಸಗಳ ದೊಡ್ಡ ಹಿಂಡು ಇತ್ತು. ಸಮುದ್ರದಿಂದ ಬೆಳಗ್ಗೆ ದಟ್ಟ ಮಂಜು ಬರುತ್ತದೆ, ಮಧ್ಯಾಹ್ನದವರೆಗೂ ಚಳಿ.

ಅಲ್ಲಿಂದ ಟ್ವೈಫಲ್‌ಫಾಂಟೈನ್. ಕೆಂಪು ಬಂಡೆಗಳ ಮೇಲೆ ಸಾವಿರಾರು ವರ್ಷದ ಹಿಂದಿನ ಬೇಟೆಗಾರರು ಕುಟ್ಟಿ ಕೆತ್ತಿದ ಚಿತ್ರಗಳಿವೆ. 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಜಿರಾಫೆ, ಘೇಂಡಾಮೃಗ, ಸಿಂಹ ಎಲ್ಲ ಇವೆ. ಅಪ್ಪ ನಿಂತುಬಿಟ್ಟಿದ್ದು ಹೆಜ್ಜೆ ಗುರುತುಗಳ ಮುಂದೆ. ಆ ಜನ ಪ್ರಾಣಿಗಳ ಜೊತೆ ಅವುಗಳ ಹೆಜ್ಜೆಯನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ. ಗೈಡ್ ಹುಡುಗಿ ಒಂದೊಂದೇ ತೋರಿಸುತ್ತಾ ಹೋದಳು. ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆದರೂ ಅವಳು ಹೆಸರು ಹೇಳುವ ಮೊದಲೇ, ಇದು ಗೊರಸು ಸೀಳಿದ ಪ್ರಾಣಿ, ಇದು ಮೂರು ಬೆರಳಿನ ಘೇಂಡಾ ಅಂತ ನನ್ನ ಕೈಯಲ್ಲಿ ಹೇಳಿಸಿದರು. ಅವಳು ಖುಷಿಯಾಗಿ ಅಪ್ಪನ ಕೈ ಕುಲುಕಿದಳು.

ಎಟೋಶಾಕ್ಕೆ ಹೋಗಿದ್ದು ಏಳನೇ ದಿನ. 1907ರಲ್ಲೇ ರಕ್ಷಿತ ಪ್ರದೇಶ ಅಂತ ಘೋಷಿಸಿದ ಕಾಡು. ಮಧ್ಯದಲ್ಲಿ ಸುಮಾರು 4,800 ಚದರ ಕಿ.ಮೀ. ಉಪ್ಪಿನ ಬಯಲು, ಒಣಗಾಲದಲ್ಲಿ ಬೆಳ್ಳಗೆ ಖಾಲಿ. ಅದರ ದಕ್ಷಿಣ ಅಂಚಿನಲ್ಲಿ ನೀರುಗುಂಡಿಗಳು. ಗೇಟುಗಳು ಸೂರ್ಯ ಹುಟ್ಟಿದಾಗ ತೆರೆದು ಮುಳುಗುವಾಗ ಮುಚ್ಚುತ್ತವೆ. ಒಳಗೆ ವೇಗ 60, ಕ್ಯಾಂಪ್ ಬಿಟ್ಟರೆ ಗಾಡಿಯಿಂದ ಇಳಿಯುವ ಹಾಗಿಲ್ಲ. ಮೊದಲ ದಿನ ನಾನು, ತಮ್ಮ ಒಂದು ಗುಂಡಿಯಿಂದ ಇನ್ನೊಂದಕ್ಕೆ ಓಡಿಸುತ್ತಲೇ ಇದ್ದೆವು. ಎಲ್ಲೂ ಹತ್ತು ನಿಮಿಷ ನಿಲ್ಲಲಿಲ್ಲ. ಝೀಬ್ರಾ, ಸ್ಪ್ರಿಂಗ್‌ಬಾಕ್ ಮತ್ತು ಓರಿಕ್ಸ್ ಅನ್ನುವ ಹುಲ್ಲೆಗಳು ನೂರಾರು ಕಂಡವು. ಸಂಜೆ ಅಪ್ಪ, "ನಾಳೆ ಗಾಡಿ ಆಫ್ ಮಾಡಿ ಒಂದು ಕಡೆ ನಿಲ್ಸಿ, ನಾ ಹೇಳೋವರ್ಗೂ ಸ್ಟಾರ್ಟ್ ಮಾಡ್ಬೇಡಿ" ಅಂದರು.

ಮಾರನೇ ದಿನ ಒಂದೇ ಗುಂಡಿಯ ಹತ್ತಿರ ನಾಲ್ಕು ಗಂಟೆ. ಎರಡು ಗಂಟೆ ಏನೂ ಇಲ್ಲ. ಅಕ್ಕಪಕ್ಕದ ಗಾಡಿಗಳು ಬಂದು ಹೋದವು. ಆಮೇಲೆ ಝೀಬ್ರಾಗಳೆಲ್ಲ ಒಟ್ಟಿಗೆ ತಲೆ ಎತ್ತಿ ಒಂದೇ ಕಡೆ ನೋಡಿದವು. ಅಪ್ಪ ನನ್ನ ಭುಜ ತಟ್ಟಿದರು. ಬಿಳಿ ಧೂಳಿನೊಳಗಿಂದ ಬಿಳಿ ಆನೆಗಳು ಬಂದವು. ಅಲ್ಲಿಯ ಸುಣ್ಣದ ಮಣ್ಣು ಮೈಗೆಲ್ಲ ಮೆತ್ತಿ ಹಾಗೆ ಕಾಣುತ್ತವೆ. 23 ಆನೆ, ಅದರಲ್ಲಿ 5 ಮರಿ. ಅಪ್ಪ ಎಣಿಸಿದ್ದು. "ಹೆಣ್ಣಾನೆಗೂ ದಂತ ಐತಲ್ಲವ್ವ!" ಅಂತ ಪಿಸುಗುಟ್ಟಿದರು. ಓದಿ ಗೊತ್ತಿತ್ತು ಅವರಿಗೆ, ಆದರೂ 31 ವರ್ಷ ಕೋರೆ ಇಲ್ಲದ ಹೆಣ್ಣಾನೆಗಳನ್ನೇ ನೋಡಿದ ಕಣ್ಣು. ಕಿವಿ ಮೊರದ ಹಾಗಲ್ಲ, ಹೊದಿಕೆಯ ಹಾಗಿತ್ತು. ನಮ್ಮ ಆನೆಗೆ ಬೆನ್ನು ಉಬ್ಬಿರುತ್ತದೆ, ಇವಕ್ಕೆ ನಡುವೆ ತಗ್ಗು. ಒಂದು ಹತ್ತಿರ ಬಂದು ಸೊಂಡಿಲು ಚಾಚಿದಾಗ ತುದಿಯ ಎರಡು ಬೆರಳೂ ಕಂಡವು. ನಮ್ಮದಕ್ಕೆ ಒಂದೇ.

ಊಟದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಸ್ಯಾಹಾರಿಗಳಿಗೆ ಕ್ಯಾಂಪಿನ ಹೋಟೆಲುಗಳಲ್ಲಿ ಚಿಪ್ಸ್, ಸಲಾಡ್ ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ. ದೊಡ್ಡ ಊರಿನ ಸೂಪರ್ ಮಾರ್ಕೆಟಿನಲ್ಲಿ ಅಕ್ಕಿ, ತರಕಾರಿ, ಮೊಸರು ಎಲ್ಲ ಇದೆ. ನಾವು ಒಯ್ದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ 13 ದಿನವೂ ಬಂತು. ಎಟೋಶಾದ ಪೂರ್ವದ ಗೇಟಿನಿಂದ ಹೊರಗೆ ಬಂದ ಮೇಲೆ ತ್ಸುಮೆಬ್‌ನ ಒಂದು ಸಣ್ಣ ಹೋಟೆಲಿನಲ್ಲಿ ಓಶಿಫಿಮಾ ಅಂತ ಕೊಟ್ಟರು. ಅಪ್ಪ ಒಂದು ತುತ್ತು ಮುರಿದು ಬಾಯಿಗಿಟ್ಟು, "ಸಜ್ಜೆ ಮುದ್ದೆ" ಅಂದರು. ನಿಜ, ಅವರು ಮಹಾಂಗು ಅನ್ನುವುದು ನಮ್ಮ ಸಜ್ಜೆಯೇ. ಜೊತೆಗೆ ಸೊಪ್ಪಿನ ಪಲ್ಯ. ಅಪ್ಪ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡರು.

ಓಟ್ಜಿವಾರೊಂಗೊ ಹತ್ತಿರ ಚೀತಾ ಸಂರಕ್ಷಣಾ ಕೇಂದ್ರ ಇದೆ, 1990ರಿಂದ ಕೆಲಸ ಮಾಡುತ್ತಿದೆ. ಚೀತಾ ಬಂದು ಕುರಿ ಹಿಡಿಯುತ್ತದೆ ಅಂತ ರೈತರು ಗುಂಡು ಹೊಡೆಯುವುದನ್ನು ತಪ್ಪಿಸಲು ಮಂದೆ ಕಾಯುವ ದೊಡ್ಡ ನಾಯಿಗಳನ್ನು ಸಾಕಿ ಕೊಡುತ್ತಾರೆ. ಕುನೊಗೆ ಬಂದವುಗಳ ಬಗ್ಗೆ ಅಲ್ಲಿ ಕೆಲಸ ಮಾಡುವ ಒಬ್ಬರನ್ನು ಅಪ್ಪ ನನ್ನ ಕೈಯಲ್ಲಿ ಕೇಳಿಸಿದರು. ಕೆಲವು ಸತ್ತದ್ದು ಅವರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಬೇಲಿಯ ಆಚೆ ಒಂದು ಚೀತಾ ನೆರಳಿನಲ್ಲಿ ಮಲಗಿತ್ತು. ಅಪ್ಪ ಟಿವಿಯಲ್ಲಿ ನೋಡಿದ ಪ್ರಾಣಿಯ ಊರು ನೋಡಿದ ಹಾಗಾಯಿತು.

ಕಾರು ಹಿಂದಕ್ಕೆ ಕೊಡುವಾಗ ಮುಂದಿನ ಗಾಜಿನಲ್ಲಿ ಸಾಸಿವೆಯಷ್ಟು ಗುಳಿ ಸಿಕ್ಕಿತು. ಯಾವುದೋ ಲಾರಿಯಿಂದ ಹಾರಿದ ಕಲ್ಲು. 3000 ನಮೀಬಿಯನ್ ಡಾಲರ್ ಮುರಿದುಕೊಂಡರು. ಉಳಿದ ಡೆಪಾಸಿಟ್ ಇನ್ನೂ ಕಾರ್ಡಿಗೆ ಬಂದಿಲ್ಲ, ಎರಡು ವಾರ ಅಂದಿದ್ದಾರೆ. ಎಲ್ಲ ಸೇರಿ ಮೂವರಿಗೆ 7 ಲಕ್ಷ 20 ಸಾವಿರ ಆಯಿತು. ಟಿಕೆಟ್ 2 ಲಕ್ಷ 64 ಸಾವಿರ, ವಸತಿ ಒಂದೂಮುಕ್ಕಾಲು ಲಕ್ಷದ ಹತ್ತಿರ, ಕಾರು 1 ಲಕ್ಷ 20 ಸಾವಿರ, 3,100 ಕಿ.ಮೀ.ಗೆ ಡೀಸೆಲ್ 34 ಸಾವಿರ. ಉಳಿದದ್ದು ಮೇಲೆ ಹೇಳಿದ ನಷ್ಟಗಳು, ವೀಸಾ, ಇನ್ಶೂರೆನ್ಸ್, ಪಾರ್ಕಿನ ಶುಲ್ಕ, ಊಟ. ನಾಲ್ಕು ಜನ ಇದ್ದರೆ ತಲೆಗೆ ಕಡಿಮೆ ಬೀಳುತ್ತದೆ.

ಎಟೋಶಾದ ಒಳಗಿನ ಒಕಾಕುಯೊ ಕ್ಯಾಂಪಿನ ರಾತ್ರಿಯನ್ನು ಬೇಕಂತಲೇ ಕೊನೆಗೆ ಉಳಿಸಿಕೊಂಡಿದ್ದೇನೆ. ಕ್ಯಾಂಪಿನ ಬೇಲಿಗೆ ಅಂಟಿಕೊಂಡೇ ಒಂದು ನೀರುಗುಂಡಿ. ರಾತ್ರಿಯೆಲ್ಲ ಮಂದ ದೀಪ ಉರಿಯುತ್ತದೆ. ಗಿಡ್ಡ ಕಲ್ಲು ಗೋಡೆಯ ಈಚೆ ಬೆಂಚುಗಳು. ಜನ ಕಂಬಳಿ ಹೊದ್ದು ಸದ್ದಿಲ್ಲದೆ ಕೂತಿರುತ್ತಾರೆ. ಹನ್ನೊಂದರವರೆಗೆ ನಾನೂ ಕೂತೆ. ಎರಡು ನರಿ ಬಂದು ಹೋದವು. ಚಳಿ ತಡೆಯಲಾರದೆ ರೂಮಿಗೆ ಹೋಗಿ ಮಲಗಿದೆ. ಅಪ್ಪ ಅಲ್ಲೇ ಕೂತಿದ್ದರು. ಎಷ್ಟೋ ಹೊತ್ತಿನ ಮೇಲೆ ಬಾಗಿಲು ಮೆಲ್ಲಗೆ ತಟ್ಟಿದ ಸದ್ದು. "ಎದ್ದೇಳವ್ವ. ಮಾತಾಡ್ದೆ ಬಾ." ಬೆಂಚುಗಳೆಲ್ಲ ಖಾಲಿ. ನೀರಿನ ಆಚೆ ದಡದಲ್ಲಿ ಕರಿ ಘೇಂಡಾಮೃಗ, ಪಕ್ಕದಲ್ಲಿ ಮರಿ. ಕಳ್ಳಬೇಟೆಗೆ ಹೆದರಿ ಅಲ್ಲಿ ಘೇಂಡಾಗಳ ಕೊಂಬನ್ನು ಇಲಾಖೆಯವರೇ ಕತ್ತರಿಸುತ್ತಾರೆ. ಇದಕ್ಕೂ ಮೂಗಿನ ಮೇಲೆ ಮೊಂಡು ಬುಡ ಮಾತ್ರ. ನೀರು ಹೀರುವ ಸದ್ದು ಅಷ್ಟು ದೂರದಿಂದ ನಮ್ಮ ಕಿವಿಗೆ ಬೀಳುತ್ತಿತ್ತು. ಮರಿ ಎರಡು ಸಲ ನೀರಿಗೆ ಮೂತಿ ಇಟ್ಟು ಹಿಂದೆ ಸರಿಯಿತು, ಮೂರನೇ ಸಲ ಕುಡಿಯಿತು. ಅಪ್ಪ ನನ್ನ ಕೈ ಹಿಡಿದಿದ್ದರು. ಅವು ತಿರುಗಿ ಕತ್ತಲೆಗೆ ಹೋಗಿ ಕಾಣದಾದ ಮೇಲೂ ಬಿಡಲಿಲ್ಲ.

ನಿನ್ನೆ ಅಪ್ಪನನ್ನು ಕೇಳಿ ಡೈರಿ ತೆಗೆದು ನೋಡಿದೆ. ಆ ಪುಟದಲ್ಲಿ ಹೀಗಿದೆ:

"ರಾತ್ರಿ 1.40. ಒಕಾಕುಯೊ ನೀರುಗುಂಡಿ. ಕರಿ ಘೇಂಡಾಮೃಗ, ಹೆಣ್ಣು 1, ಮರಿ 1. ತಾಯಿಗೆ ಕೊಂಬು ಕತ್ತರಿಸಿದೆ. ನೀರು ಕುಡಿದು ಪಶ್ಚಿಮಕ್ಕೆ ಹೋದವು. ಜೊತೆಯಲ್ಲಿ: ಮಗಳು."